ಸತ್ತವರ ಕಿತ್ತಳೆ

ಯುವಮಿತ್ರರೇ, ಓದನ್ನು ಮುಂದುವರಿಸುವ ಮೊದಲು ಒಂದು ಸಣ್ಣ ಕೆಲಸ ಮಾಡುವಿರಾ? ಅಡುಗೆಮನೆಗೆ ಹೋಗಿ, ಒಗ್ಗರಣೆಗೆಂದು ತಂದಿಟ್ಟ ಕರಿಬೇವಿನಿಂದ ಒಂದು ಎಲೆ ಕಿತ್ತುಕೊಳ್ಳಿ. ನೆರೆಮನೆಯವರ ಕುಂಡದಲ್ಲಿ ನಿಂಬೆಗಿಡವಿದ್ದರೆ, ಕೇಳಿ, ಅದರದೂ ಒಂದು ಎಲೆ ತನ್ನಿ. ದೇವರ ಕೋಣೆಯಲ್ಲಿ ಸೋಮವಾರದ ಪೂಜೆಯ ಬಿಲ್ವಪತ್ರೆ ಉಳಿದಿದ್ದರೆ ಇನ್ನೂ ಒಳ್ಳೆಯದು. ಮೂರನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಎಲೆಯ ಮೈತುಂಬ ಸೂಜಿಮೊನೆಯಷ್ಟು ಚಿಕ್ಕದಾದ, ಬೆಳಕು ತೂರಿಬರುವ ಚುಕ್ಕೆಗಳು ಕಾಣುತ್ತವೆ. ನಿಂಬೆಯಲ್ಲಿ ಬರಿಗಣ್ಣಿಗೇ ಕಂಡಾವು. ಉಳಿದೆರಡಕ್ಕೆ ಭೂತಗನ್ನಡಿಯೊಂದು ಇದ್ದರೆ ಚೆನ್ನು. ಅವು ಎಣ್ಣೆಯ ಗ್ರಂಥಿಗಳು. ಎಲೆಯನ್ನು ಹಿಸುಕಿದಾಗ ಒಡೆದು ಪರಿಮಳ ಬೀರುವುದು ಅವೇ. ಕಿತ್ತಳೆಯ ಸಿಪ್ಪೆಯನ್ನು ಬಗ್ಗಿಸಿ ತಮ್ಮನ ಕಣ್ಣಿಗೆ ಚಿಮ್ಮಿಸುತ್ತಿದ್ದಿರಲ್ಲ, ಅದೂ ಇದೇ ಎಣ್ಣೆ.

ಸಾರಿನ ಕರಿಬೇವು, ಪಾನಕದ ನಿಂಬೆ, ಶಿವನ ಬಿಲ್ವ ಈ ಮೂರೂ ಒಂದೇ ಮನೆತನದವು ಎಂಬುದಕ್ಕೆ ಆ ಚುಕ್ಕೆಗಳು ಒಂದು ಗುರುತು. ಸಸ್ಯಶಾಸ್ತ್ರಜ್ಞರು ಈ ಮನೆತನವನ್ನು ‘ರೂಟೇಸಿ’ ಎನ್ನುತ್ತಾರೆ. ನಾವು ನಿಂಬೆಯ ಕುಟುಂಬ ಎಂದರೆ ಸಾಕು. ಜಗತ್ತಿನಾದ್ಯಂತ ಸುಮಾರು 150 ಕುಲಗಳು, 1600ಕ್ಕೂ ಹೆಚ್ಚು ಪ್ರಭೇದಗಳು ಇದರಲ್ಲಿವೆ. ಬೇಲದ ಹಣ್ಣು ಇದರದೇ. ಕರಾವಳಿಯವರು ಮೀನಿನ ಸಾರಿಗೆ ಹಾಕುವ ಜುಮ್ಮನಕಾಯಿ, ಮುಂಬಯಿಯ ಮಾರುಕಟ್ಟೆಯಲ್ಲಿ ‘ತಿರ್ಫಳ’ ಎಂದು ಸಿಗುತ್ತದಲ್ಲ, ಅದೂ ಇದರದೇ.

ಇಷ್ಟು ದೊಡ್ಡ ಬಳಗದಲ್ಲಿ ಒಂದು ಬಡ ನೆಂಟನಿದ್ದಾನೆ. ಆಳೆತ್ತರಕ್ಕಿಂತ ಸ್ವಲ್ಪ ಮೇಲಕ್ಕೆ ಬೆಳೆಯುವ ಮುಳ್ಳಿನ ಪೊದೆ. ಬಿಳಿಯ ಪುಟ್ಟ ಹೂವು. ಚಳಿಗಾಲಕ್ಕೆ ಕೆಂಪು ಮಿಶ್ರಿತ ಕಿತ್ತಳೆ ಬಣ್ಣದ ಚಿಕ್ಕ ಚಿಕ್ಕ ಹಣ್ಣುಗಳು, ಬಾಯಿಗಿಟ್ಟರೆ ಹುಳಿ. ಯಾವ ಅಂಗಡಿಯಲ್ಲೂ ಇದು ಮಾರಾಟಕ್ಕಿಲ್ಲ. ನಮ್ಮ ಕರ್ನಾಟಕದಲ್ಲಿ ಬೆಳೆಯುವುದಿಲ್ಲ. ಇದರ ನೆಲೆ ದೇಶದ ಇನ್ನೊಂದು ಮೂಲೆಯಲ್ಲಿರುವ ಮೇಘಾಲಯದ ಗಾರೋ ಬೆಟ್ಟಗಳು. ಈಶಾನ್ಯದ ಬೇರೆ ಕೆಲವೆಡೆಯೂ ಇದು ಕಂಡದ್ದುಂಟು. ಆದರೆ ಇದರ ತವರು ಎಂದು ಹೆಸರಾದದ್ದು ನೋಕ್ರೆಕ್ ಶಿಖರದ ಸುತ್ತಲಿನ ಕಾಡು. ಶಾಸ್ತ್ರೀಯ ಹೆಸರು ಸಿಟ್ರಸ್ ಇಂಡಿಕಾ. ಅಲ್ಲಿಯ ಜನ ಕರೆಯುವುದು ‘ಮೆಮಾಂಗ್ ನಾರಾಂಗ್’ ಎಂದು. ‘ಮೆಮಾಂಗ್’ ಎಂದರೆ ಸತ್ತವರ ಆತ್ಮ. ‘ನಾರಾಂಗ್’ ಯಾವುದೆಂದು ನಿಮಗೆ ಹೇಳಬೇಕಾಗಿಲ್ಲ.

ಹೆಸರಿನ ಜಾಡು

ಆದರೂ ‘ನಾರಾಂಗ್’ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಈ ಪದದ ಪಯಣ ಹಣ್ಣಿನ ಪಯಣಕ್ಕಿಂತ ಕಡಿಮೆ ಸ್ವಾರಸ್ಯದ್ದಲ್ಲ. ಹಿಂದಿಯ ‘ನಾರಂಗಿ’ ನಿಮಗೆ ಗೊತ್ತು. ಅದರ ಹಿಂದೆ ಸಂಸ್ಕೃತದ ‘ನಾರಂಗ’ ಇದೆ. ಪಾರಸಿಯ ಮೂಲಕ ಅರಬ್ಬಿಗೆ, ಅಲ್ಲಿಂದ ಸ್ಪೇನಿಗೆ ‘ನರಾಂಹ’ ಎಂದಾಗಿ, ಕೊನೆಗೆ ಮೊದಲಿನ ‘ನ’ಕಾರವನ್ನು ದಾರಿಯಲ್ಲಿ ಕಳೆದುಕೊಂಡು ಇಂಗ್ಲಿಷಿಗೆ ‘ಆರೆಂಜ್’ ಎಂದು ಬಂದು ಸೇರಿತು. ಸಂಸ್ಕೃತಕ್ಕೆ ಇದು ಎಲ್ಲಿಂದ ಬಂತು? ದ್ರಾವಿಡ ಭಾಷೆಯೊಂದರಿಂದ ಎಂದು ಅನೇಕ ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ತಮಿಳಿನಲ್ಲೂ ಹಳಗನ್ನಡದಲ್ಲೂ ಇರುವ ‘ನಾಱು’ ಎಂಬ ಧಾತುವಿಗೆ ವಾಸನೆ ಬೀರು ಎಂದರ್ಥ. ಇಂದಿನ ಕನ್ನಡದಲ್ಲಿ ಅದು ಕೆಟ್ಟ ವಾಸನೆಗೆ ಮಾತ್ರ ಉಳಿದಿದೆ. ‘ಸಾಕ್ಸ್ ನಾರುತ್ತಿದೆ, ಒಗೆಯಲು ಹಾಕು’ ಎಂದು ಅಮ್ಮ ಗದರಿಸುವಾಗ ಆಕೆ ಬಳಸುವುದು ಬಹುಶಃ ‘ಆರೆಂಜ್’ ಪದದ ಮುತ್ತಜ್ಜಿಯನ್ನೇ!

ಇಷ್ಟಾದರೂ ಕನ್ನಡಿಗರು ಈ ಹಣ್ಣನ್ನು ನಾರಂಗಿ ಎನ್ನಲಿಲ್ಲ. ತಮ್ಮದೇ ಮಾತೊಂದನ್ನು ಉಳಿಸಿಕೊಂಡರು. ‘ಈಳೆ’ ಎಂಬುದು ಹುಳಿಹಣ್ಣುಗಳಿಗೆ ಹಳೆಯ ಹೆಸರು. ಕಿರಿದಾದ ಈಳೆ ಕಿತ್ತೀಳೆ, ಅದೇ ಇಂದಿನ ಕಿತ್ತಳೆ. ಹಿರಿದಾದ ಈಳೆ ಹೇರೀಳೆ, ಅದೇ ಉಪ್ಪಿನಕಾಯಿಯ ಹೇರಳೆ. ನಿಮ್ಮ ಅಜ್ಜಿಯ ಜಾಡಿಯಲ್ಲಿರುವ ಹೇರಳೆಕಾಯಿಗೂ ಫ್ರಿಜ್ಜಿನಲ್ಲಿರುವ ಕಿತ್ತಳೆಗೂ ಇರುವ ನಂಟನ್ನು ನಮ್ಮ ಹಿರಿಯರು ಸೂಕ್ಷ್ಮದರ್ಶಕವಿಲ್ಲದೆಯೇ ಗುರುತಿಸಿದ್ದರು.

ಯಾರು ಈ ಗಾರೋಗಳು?

ಹೊರಗಿನವರು ಗಾರೋ ಎಂದರೂ ಅವರು ತಮ್ಮನ್ನು ‘ಆಚಿಕ್’ ಎಂದು ಕರೆದುಕೊಳ್ಳುತ್ತಾರೆ. ಭಾಷೆ ಟಿಬೆಟೊ-ಬರ್ಮನ್ ಬಳಗದ್ದು. 1996ರಿಂದ 1998ರ ವರೆಗೆ ಲೋಕಸಭೆಯ ಅಧ್ಯಕ್ಷರಾಗಿದ್ದ ಪಿ. ಎ. ಸಂಗ್ಮಾ ಅವರನ್ನು ನಿಮ್ಮ ತಂದೆತಾಯಿ ನೆನೆಸಿಕೊಂಡಾರು; ಅವರು ಈ ಬೆಟ್ಟಗಳವರೇ, ತುರಾ ಕ್ಷೇತ್ರದ ಪ್ರತಿನಿಧಿ. ಸಂಗ್ಮಾ, ಮರಾಕ್, ಮೋಮಿನ್ ಮುಂತಾದವು ಅಲ್ಲಿಯ ಕುಲದ ಹೆಸರುಗಳು. ಕುಲದ ಹೆಸರು ಮಕ್ಕಳಿಗೆ ಬರುವುದು ತಾಯಿಯಿಂದ. ಮನೆ, ನೆಲ ಸಲ್ಲುವುದು ಮಗಳಿಗೆ, ಹೆಚ್ಚಾಗಿ ಕಿರಿಯ ಮಗಳಿಗೆ. ನಮ್ಮ ಸಂಘದಲ್ಲಿ ತುಳುನಾಡಿನ ಮೂಲದವರು ಬಹಳ ಮಂದಿ ಇದ್ದಾರೆ. ಅವರಿಗೆ ಅಳಿಯಕಟ್ಟು ಎಂದರೆ ಸಾಕು, ತಲೆಯಾಡಿಸುತ್ತಾರೆ. ತುಳುನಾಡಿನ ಕಟ್ಟಿನಲ್ಲಿ ಸೋದರಮಾವನಿಂದ ಸೋದರಳಿಯನಿಗೆ ಯಜಮಾನಿಕೆ ಇಳಿಯುತ್ತಿದ್ದರೆ, ಗಾರೋಗಳಲ್ಲಿ ಮನೆವಾರಸುದಾರಳಾದ ಮಗಳ ಗಂಡ ಆ ಭಾರ ಹೊರುತ್ತಾನೆ. ಕಾಡೂ ಹೊಲವೂ ಒಬ್ಬೊಬ್ಬರ ಹೆಸರಿನಲ್ಲಿರುವುದಿಲ್ಲ. ‘ಆಕಿಂಗ್’ ಎಂಬ ಕುಲದ ನೆಲ ಅದು. ನೋಡಿಕೊಳ್ಳುವವನು ‘ನೋಕ್ಮಾ’. ಈ ವಿವರವನ್ನು ಮರೆಯಬೇಡಿ, ಗಿಡದ ಕಥೆಗೆ ಇದು ಮುಂದೆ ಬೇಕಾಗುತ್ತದೆ.

ಇನ್ನು ‘ಮೆಮಾಂಗ್’. ಇಂಗ್ಲಿಷ್ ಪುಸ್ತಕಗಳಲ್ಲಿ ಇದನ್ನು ದೆವ್ವ ಎಂದೇ ಅನುವಾದಿಸಿ, ಗಿಡವನ್ನು ದೆವ್ವದ ಕಿತ್ತಳೆ ಎಂದು ಬರೆದುಬಿಡುತ್ತಾರೆ. ನನಗೆ ಆ ಅನುವಾದ ಒಪ್ಪಿಗೆಯಿಲ್ಲ. ದೆವ್ವ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಸಿನಿಮಾದ ಬಿಳಿ ಸೀರೆ. ಗಾರೋಗಳ ಹಳೆಯ ನಂಬಿಕೆಯಲ್ಲಿ ಸತ್ತವರ ಆತ್ಮ ದಕ್ಷಿಣದ ಬಾಲ್ಪಕ್ರಾಮ್ ಎಂಬ ಎತ್ತರದ ಬಯಲಿಗೆ ನಡೆದು ಹೋಗುತ್ತದೆ. ಅಲ್ಲಿ ಕೆಲಕಾಲ ಇದ್ದು ಮತ್ತೆ ಹುಟ್ಟಿ ಬರುತ್ತದೆ. ಬಾಲ್ಪಕ್ರಾಮ್ ಎಂದರೆ ಗಾಳಿ ನಿಲ್ಲದ ನಾಡು ಎಂದು ಅರ್ಥ ಹೇಳುತ್ತಾರೆ. ಇಂದು ಅದೊಂದು ರಾಷ್ಟ್ರೀಯ ಉದ್ಯಾನ. ಹಾಗೆ ನಡೆದು ಹೋಗುವವರನ್ನು ದೆವ್ವ ಎನ್ನುವುದು ಹೇಗೆ? ತುಳುವಿನಲ್ಲಿ ‘ಕುಲೆ’ ಎಂಬ ಮಾತಿದೆ. ಆಟಿ ತಿಂಗಳಲ್ಲಿ ಊರಿನ ಮನೆಯಲ್ಲಿ ಬಾಳೆಲೆ ಹಾಸಿ, ತೀರಿಕೊಂಡವರಿಗೆ ಅವರು ಇಷ್ಟಪಡುತ್ತಿದ್ದ ಅಡುಗೆಯನ್ನು ಬಡಿಸಿ, ಬಾಗಿಲು ಮುಂದೆ ಮಾಡಿ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರಲ್ಲ, ಆ ಕುಲೆಗಳಿಗೂ ಮೆಮಾಂಗಿಗೂ ಹೆಚ್ಚು ದೂರವಿಲ್ಲ. ಸ್ವಲ್ಪ ಅಂಜಿಕೆ, ಬಹಳಷ್ಟು ಅಕ್ಕರೆ.

ಈ ಹಣ್ಣನ್ನು ಗಾರೋಗಳು ಸಾವಿನ ಕರ್ಮಗಳಲ್ಲಿ ಬಳಸುತ್ತಿದ್ದರು. ಹೆಸರು ಬಂದದ್ದು ಹಾಗೆ. ಹೊಟ್ಟೆನೋವು, ಕಾಮಾಲೆಗಳಿಗೆ ಮದ್ದಾಗಿಯೂ, ಹಿಂದೆ ಸಿಡುಬು ಬಂದಾಗಲೂ ಕೊಡುತ್ತಿದ್ದರಂತೆ. ಒಟ್ಟಿನಲ್ಲಿ ತಟ್ಟೆಯಲ್ಲಿಟ್ಟು ಸುಲಿದು ತಿನ್ನುವ ಹಣ್ಣಲ್ಲ ಇದು. ಕಷ್ಟದ ದಿನಕ್ಕೆಂದು ಕಾಡಿನಿಂದ ತರುವ ಹಣ್ಣು.

ತಾಯಿಯೋ, ಸೋದರಿಯೋ?

ಈ ಗಿಡಕ್ಕೆ ಸಿಟ್ರಸ್ ಇಂಡಿಕಾ ಎಂಬ ಹೆಸರು ಕೊಟ್ಟವರು ಜಪಾನಿನ ತಾನಾಕಾ. ಭಾರತೀಯ ಸಸ್ಯಶಾಸ್ತ್ರ ಸಂಘದ ಪತ್ರಿಕೆಯಲ್ಲಿ 1937ರಲ್ಲಿ ಇದರ ವಿವರಣೆ ಪ್ರಕಟವಾಯಿತು. ತಾನಾಕಾ ಅವರು ನಿಂಬೆಯ ಕುಲದಲ್ಲಿ ನೂರೈವತ್ತಕ್ಕೂ ಹೆಚ್ಚು ಪ್ರಭೇದಗಳನ್ನು ಎಣಿಸಿದವರು. ಅವರ ಸಮಕಾಲೀನ, ಅಮೆರಿಕದ ಸ್ವಿಂಗಲ್, ಹದಿನಾರಕ್ಕೆ ನಿಲ್ಲಿಸಿದರು. ಒಂದೇ ಹಣ್ಣಿನ ಬುಟ್ಟಿಯನ್ನು ನೋಡಿ ಇಬ್ಬರು ಪಂಡಿತರು ಇಷ್ಟು ಬೇರೆ ಬೇರೆ ಲೆಕ್ಕ ಹೇಳಿದ್ದು ಏಕೆಂದರೆ, ಈ ಕುಲದ ಗಿಡಗಳು ಒಂದರೊಡನೊಂದು ಬಹಳ ಸಲೀಸಾಗಿ ಕೂಡಿ ಹೊಸ ಹೊಸ ಸಂಕರಗಳನ್ನು ಹುಟ್ಟಿಸುತ್ತವೆ. ಎಲ್ಲಿ ಗೆರೆ ಎಳೆಯುವುದು?

ಜೀನುಗಳ ಪರೀಕ್ಷೆ ಬಂದ ಮೇಲೆ ಗೋಜಲು ಬಹುಮಟ್ಟಿಗೆ ಬಿಡಿಸಿಕೊಂಡಿತು. ನಾವು ತಿನ್ನುವ ಹುಳಿಹಣ್ಣುಗಳಲ್ಲಿ ಹೆಚ್ಚಿನವು ನಾಲ್ಕೇ ಮೂಲಗಳಿಂದ ಬಂದವು. ಮೊದಲನೆಯದು ಮಾದಲ; ಎರಡನೆಯದು ಚಕ್ಕೋತ; ಮೂರನೆಯದು ಕಿತ್ತಳೆಯ ಕಾಡು ಹಿರಿಯ; ನಾಲ್ಕನೆಯದು ಫಿಲಿಪ್ಪೀನ್ಸ್ ಕಡೆಯ ಒಂದು ಕಾಡುಗಿಡ. ಮೋಸಂಬಿಯೆಂದು ನೀವು ರಸ ಹಿಂಡಿಸಿ ಕುಡಿಯುವ ಹಣ್ಣು ಚಕ್ಕೋತ ಮತ್ತು ಕಿತ್ತಳೆಯ ಸಂಬಂಧದಲ್ಲಿ ಹುಟ್ಟಿದ್ದು. ನಾವು ದಿನಾ ಬಳಸುವ ದುಂಡು ನಿಂಬೆಗೆ ತಾಯಿ ಆ ಫಿಲಿಪ್ಪೀನ್ಸಿನ ಕಾಡುಗಿಡ, ತಂದೆ ಮಾದಲ. ಸ್ವಾರಸ್ಯವೆಂದರೆ, ಈ ಸಂಬಂಧಗಳಲ್ಲಿ ಮಾದಲ ಕಾಣಿಸಿಕೊಂಡಲ್ಲೆಲ್ಲ ಬಹುಮಟ್ಟಿಗೆ ತಂದೆಯಾಗಿಯೇ ಕಾಣಿಸಿಕೊಂಡಿದೆ.

ಮಾದಲ ಎಂದರೆ ಈಗಿನ ಮಕ್ಕಳಿಗೆ ಗೊತ್ತಿರಲಾರದು. ದಪ್ಪ ಸಿಪ್ಪೆಯ, ರಸ ಕಡಿಮೆಯ, ಮೈಯೆಲ್ಲ ಗಂಟುಗಂಟಾದ ದೊಡ್ಡ ಹಣ್ಣು. ಕೊಲ್ಲಾಪುರದ ಮಹಾಲಕ್ಷ್ಮಿಯ ಗುಡಿಗೆ ಮುಂಬಯಿ, ಪುಣೆಗಳಿಂದ ವರ್ಷಕ್ಕೊಮ್ಮೆ ಹೋಗಿಬರುವ ಕನ್ನಡ ಮನೆಗಳು ಎಷ್ಟಿಲ್ಲ! ಮುಂದಿನ ಸಲ ಹೋದಾಗ ದೇವಿಯ ಬಲಗೈಯ ಬಗ್ಗೆ ಅರ್ಚಕರನ್ನು ಕೇಳಿ. ಅದರಲ್ಲಿರುವುದು ಮಾತುಲಿಂಗ, ಅಂದರೆ ಮಾದಲದ ಹಣ್ಣು.

ಹಾಗಾದರೆ ನಮ್ಮ ಮೆಮಾಂಗ್ ನಾರಾಂಗ್ ಎಲ್ಲಿ ನಿಲ್ಲುತ್ತದೆ? ಪ್ರವಾಸಿ ಕೈಪಿಡಿಗಳು ಇದನ್ನು ‘ಎಲ್ಲ ಕಿತ್ತಳೆಗಳ ತಾಯಿ’ ಎಂದು ಹೊಗಳುತ್ತವೆ. ಕೇಳಲು ಸೊಗಸು; ಆದರೆ ಪುರಾವೆ ಅಷ್ಟು ದೂರ ಹೋಗುವುದಿಲ್ಲ. ಇದರ ಹರಿತ್ತಿನ ಕಣಗಳಲ್ಲಿರುವ ಜೀನುಗಳನ್ನು ಓದಿದವರಿಗೆ ಕಂಡದ್ದು ಮಾದಲದೊಂದಿಗಿನ ಹತ್ತಿರದ ನಂಟು. ಎಲೆಯನ್ನು ನೋಡಿದರೂ ಅದಕ್ಕೆ ಸೂಚನೆ ಸಿಗುತ್ತದೆ. ಚಕ್ಕೋತದ ಎಲೆಯಲ್ಲಿ ತೊಟ್ಟಿನ ಎರಡೂ ಬದಿಗೆ ರೆಕ್ಕೆಯಿದ್ದು, ಒಂದೇ ಎಲೆ ಎರಡು ತುಂಡಾದಂತೆ ಕಾಣುತ್ತದೆ. ಮಾದಲಕ್ಕೆ ಆ ರೆಕ್ಕೆಯಿಲ್ಲ, ಮೆಮಾಂಗ್ ನಾರಾಂಗಿಗೆ ಇದ್ದರೂ ಹೆಸರಿಗಷ್ಟೇ. ತಾಯಿ ಎನ್ನುವುದಕ್ಕಿಂತ ಮನೆಬಿಟ್ಟು ಹೋಗದ ಸೋದರಿ ಎನ್ನುವುದು ನನಗೆ ಸರಿಯೆನಿಸುತ್ತದೆ. ಉಳಿದವರೆಲ್ಲ ಹಡಗು ಹತ್ತಿ ಸ್ಪೇನು, ಬ್ರೆಜಿಲ್, ಫ್ಲಾರಿಡಾ ಎಂದು ಹೊರಟುಹೋದರು. ಇವಳು ಬೆಟ್ಟದಲ್ಲೇ ಉಳಿದಳು.

ಆ ಮನೆ ಎಲ್ಲಿತ್ತು ಎಂಬುದೂ ಈಗ ಸುಮಾರಾಗಿ ಗೊತ್ತಾಗಿದೆ. ಅರುವತ್ತು ಗಿಡಗಳ ಪೂರ್ಣ ಜೀನುಸಂಪುಟವನ್ನು ಹೋಲಿಸಿ 2018ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ ನಿಂಬೆಯ ಕುಲ ಹುಟ್ಟಿದ್ದು ಹಿಮಾಲಯದ ಆಗ್ನೇಯ ತಪ್ಪಲಿನಲ್ಲಿ: ಅಸ್ಸಾಮಿನ ಪೂರ್ವ, ಬರ್ಮಾದ ಉತ್ತರ, ಚೀನದ ಯುನ್ನಾನಿನ ಪಶ್ಚಿಮ ಸೇರುವ ಆ ಪ್ರದೇಶದಲ್ಲಿ, ಸುಮಾರು ಎಂಬತ್ತು ಲಕ್ಷ ವರ್ಷಗಳ ಹಿಂದೆ. ಗಾರೋ ಬೆಟ್ಟಗಳು ಆ ತೊಟ್ಟಿಲಿನ ಪಕ್ಕದಲ್ಲೇ ಇವೆ.

ಕೊಡಗಿನವರು ಏಕೆ ಕಿವಿಗೊಡಬೇಕು?

ಕಾಡಿನ ಹುಳಿಹಣ್ಣು ಇದ್ದರೆಷ್ಟು, ಹೋದರೆಷ್ಟು ಎಂದು ಕೇಳುವವರಿದ್ದಾರೆ. ಅವರನ್ನು ಕೊಡಗಿನ ಯಾವುದಾದರೂ ಕಾಫಿತೋಟಕ್ಕೆ ಕರೆದೊಯ್ಯಬೇಕು. ಕಾಫಿಯ ನಡುನಡುವೆ ಬೆಳೆಯುತ್ತಿದ್ದ ಕೊಡಗಿನ ಕಿತ್ತಳೆ ಒಂದು ಕಾಲಕ್ಕೆ ಆ ನಾಡಿನ ಹೆಮ್ಮೆ. ಹಸಿರು ಮಿಶ್ರಿತ ಹಳದಿ ಸಿಪ್ಪೆ, ಸಡಿಲವಾಗಿ ಬಿಡಿಸಿಕೊಳ್ಳುವ ತೊಳೆ, ಸಿಹಿಯೊಳಗೆ ಒಂದು ಎಳೆ ಹುಳಿ. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆದರೆ ಮಾನ್ಯತೆ ಬರುವ ಹೊತ್ತಿಗೆ ಮರಗಳೇ ಬಹುಪಾಲು ಹೋಗಿದ್ದವು. ಹಳದಿಯೆಲೆಯ ಗ್ರೀನಿಂಗ್ ರೋಗ, ಟ್ರಿಸ್ಟೆಝಾ ಎಂಬ ವೈರಸ್, ಬೇರುಕೊಳೆ ಎಲ್ಲ ಸೇರಿ ತೋಟತೋಟಗಳನ್ನೇ ಒಣಗಿಸಿದವು. ಇಂದು ಬೆಂಗಳೂರಿನ ಗಾಡಿಗಳಲ್ಲಿ ‘ಕೂರ್ಗ್’ ಎಂದು ಕೂಗಿ ಮಾರುವ ಹಣ್ಣೆಲ್ಲ ಕೊಡಗಿನದೇ ಎಂದು ನಂಬಬೇಡಿ.

ಗ್ರೀನಿಂಗ್ ರೋಗವನ್ನು ಹರಡುವುದು ಎಲೆಯ ರಸ ಹೀರುವ ಒಂದು ಚಿಕ್ಕ ಕೀಟ. ಇದೇ ರೋಗದಿಂದ ಫ್ಲಾರಿಡಾದ ಕಿತ್ತಳೆ ಉದ್ಯಮ 2005ರ ನಂತರ ನೆಲಕಚ್ಚಿತು. ಒಮ್ಮೆ ಹಿಡಿದ ಮರವನ್ನು ಪೂರ್ತಿ ಗುಣಪಡಿಸುವ ಮದ್ದು ರೈತರ ಕೈಗೆ ಇನ್ನೂ ಬಂದಿಲ್ಲ. ಹಾಗಾಗಿ ತಳಿತಜ್ಞರು ತಿರುಗಿ ನೋಡುವುದು ಕಾಡಿನ ನೆಂಟರ ಕಡೆಗೆ. ಎಂದೂ ಗೊಬ್ಬರ ಕಾಣದೆ, ಮದ್ದು ಕಾಣದೆ, ಮಳೆ, ಶಿಲೀಂಧ್ರ, ಕೀಟಗಳ ನಡುವೆ ಲಕ್ಷಾಂತರ ವರ್ಷ ಬದುಕಿದ ಗಿಡಗಳಲ್ಲಿ ತಡೆದುಕೊಳ್ಳುವ ಯಾವುದೋ ಗುಣ ಇದ್ದೀತು ಎಂಬ ನಿರೀಕ್ಷೆ ಅವರದು. ಕೊಡಗಿನಲ್ಲೇ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಕಿತ್ತಳೆಯನ್ನು ಬೇರೆ ಗಟ್ಟಿ ಬುಡಗಳ ಮೇಲೆ ಕಸಿ ಮಾಡಿ ನೋಡುವ ಕೆಲಸ ಬಹುಕಾಲದಿಂದ ನಡೆದಿದೆ. ಮೆಮಾಂಗ್ ನಾರಾಂಗ್ ನಾಳೆಯೇ ಕೊಡಗನ್ನು ಉಳಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಅಂಥ ಮಾತು ಯಾರು ಹೇಳಿದರೂ ನಂಬಬೇಡಿ. ಹುಡುಕುವವನಿಗೆ ಹುಡುಕಲು ಒಂದು ಬೀರು ಇರಬೇಕು, ಅಷ್ಟೆ. ಆ ಬೀರುವಿನ ಖಾನೆಗಳು ಒಂದೊಂದಾಗಿ ಖಾಲಿಯಾಗುತ್ತಿವೆ.

ಡಬ್ಬಿಯಲ್ಲಿ ಇಡಲಾಗದ ಬೀಜ

ಭತ್ತ, ರಾಗಿಗಳ ಅಪರೂಪದ ತಳಿಗಳನ್ನು ಉಳಿಸುವುದು ಅಷ್ಟು ಕಷ್ಟವಲ್ಲ. ಬೀಜವನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಪೊಟ್ಟಣದಲ್ಲಿ ಕಟ್ಟಿ, ತಣ್ಣಗಿನ ಕೋಣೆಯಲ್ಲಿಟ್ಟರೆ ದಶಕಗಳ ಕಾಲ ಇರುತ್ತದೆ. ನಿಂಬೆಯ ಕುಲದವಕ್ಕೆ ಈ ಉಪಾಯ ನಡೆಯುವುದು ಕಷ್ಟ. ಬೇಕಾದರೆ ನೀವೇ ನೋಡಿ: ತಿಂದ ಕಿತ್ತಳೆಯ ಬೀಜವನ್ನು ಅಂದೇ ಕುಂಡದಲ್ಲಿ ಹಾಕಿದರೆ ಮೊಳೆಯುತ್ತದೆ, ತಿಂಗಳುಗಟ್ಟಲೆ ಕಿಟಕಿಯಲ್ಲಿ ಒಣಗಿಸಿಟ್ಟು ಹಾಕಿದರೆ ಸಾಮಾನ್ಯವಾಗಿ ಮೇಲೇಳುವುದಿಲ್ಲ. ದೆಹಲಿಯ ರಾಷ್ಟ್ರೀಯ ಸಸ್ಯ ತಳಿಸಂಪನ್ಮೂಲ ಸಂಸ್ಥೆಯವರು ಬೀಜದೊಳಗಿನ ಮೊಳಕೆಯ ಭಾಗವನ್ನಷ್ಟೇ ಬಿಡಿಸಿ ತೆಗೆದು, ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ, ಇಡುವ ವಿಧಾನವನ್ನು ರೂಢಿಸಿಕೊಂಡಿದ್ದಾರೆ. ದೆಹಲಿಯಲ್ಲಿರುವ ಓದುಗರೇ, ಪೂಸಾದ ಆ ಆವರಣದ ಪಕ್ಕದಲ್ಲಿ ನೀವು ಎಷ್ಟು ಸಲ ಬಸ್ಸಿನಲ್ಲಿ ಹಾದುಹೋಗಿದ್ದೀರೋ!

ಆದರೆ ಹೆಪ್ಪುಗಟ್ಟಿದ ಮೊಳಕೆಗೆ ಹೊಸ ರೋಗ ಬಂದದ್ದು ತಿಳಿಯುವುದಿಲ್ಲ. ಕಾಡಿನಲ್ಲಿರುವ ಗಿಡಕ್ಕೆ ತಿಳಿಯುತ್ತದೆ. ಅದು ತಲೆಮಾರು ತಲೆಮಾರಿಗೆ ಬದಲಾಗುತ್ತ ಹೋಗುತ್ತದೆ. ಈ ಕಾರಣಕ್ಕಾಗಿಯೇ 1980ರ ದಶಕದ ಆರಂಭದಲ್ಲಿ ನೋಕ್ರೆಕ್ ಪ್ರದೇಶದಲ್ಲಿ ನಿಂಬೆಯ ಕುಲಕ್ಕೆಂದೇ ಒಂದು ಜೀನು ಅಭಯಾರಣ್ಯವನ್ನು ರೂಪಿಸಿದರು. ಹುಲಿಗೆ, ಆನೆಗೆ ಅಭಯಾರಣ್ಯ ಕೇಳಿದ್ದೀರಿ. ಹುಳಿಹಣ್ಣಿಗೆ ಅಭಯಾರಣ್ಯ ಎಂಬುದು ನಮ್ಮ ದೇಶದಲ್ಲಿ ಅದೇ ಮೊದಲು. 1988ರಲ್ಲಿ ಸುಮಾರು 820 ಚದರ ಕಿ.ಮೀ. ಪ್ರದೇಶ ನೋಕ್ರೆಕ್ ಜೀವಗೋಲ ಮೀಸಲು ಎಂದು ಘೋಷಿತವಾಯಿತು. ಬಂಡೀಪುರ, ನಾಗರಹೊಳೆಗಳನ್ನು ಒಳಗೊಂಡ ನಮ್ಮ ನೀಲಗಿರಿ ಮೀಸಲಿಗಿಂತ ಎರಡೇ ವರ್ಷ ಕಿರಿಯದು. 2009ರಲ್ಲಿ ಯುನೆಸ್ಕೊದ ಪಟ್ಟಿಗೂ ಸೇರಿತು. ಒಳಗಿನ ಗರ್ಭಭಾಗವಾದ ರಾಷ್ಟ್ರೀಯ ಉದ್ಯಾನ ಮಾತ್ರ ಬಹಳ ಚಿಕ್ಕದು: ಸುಮಾರು 47 ಚದರ ಕಿ.ಮೀ. ನಿಮ್ಮ ಬೊರಿವಲಿಯ ಸಂಜಯ ಗಾಂಧಿ ಉದ್ಯಾನದ ಅರ್ಧದಷ್ಟೂ ಇಲ್ಲ.

ಗರ್ಭಭಾಗದ ಆಚೆಗಿರುವುದೆಲ್ಲ ಆಕಿಂಗ್, ಕುಲಗಳ ನೆಲ. ಅಲ್ಲಿ ನಡೆಯುವುದು ಝೂಮ್ ಬೇಸಾಯ. ಉತ್ತರ ಕನ್ನಡದ ಹಿರಿಯರು ಕುಮರಿ ಎನ್ನುತ್ತಿದ್ದರಲ್ಲ, ಅದೇ: ಕಾಡಿನ ಒಂದು ತುಂಡನ್ನು ಕಡಿದು ಸುಟ್ಟು, ಒಂದೆರಡು ವರ್ಷ ಬೆಳೆದು, ಬಿಟ್ಟು ಮುಂದೆ ಹೋಗುವುದು. ಬಿಟ್ಟ ನೆಲಕ್ಕೆ ಹಿಂತಿರುಗಲು ಹಿಂದೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯುತ್ತಿತ್ತು. ಅಷ್ಟರಲ್ಲಿ ಕಾಡು ಮರಳಿ ಬರುತ್ತಿತ್ತು. ಜನ ಹೆಚ್ಚಾಗಿ ಈಗ ಕೆಲವೇ ವರ್ಷಗಳಲ್ಲಿ ಹಿಂತಿರುಗಬೇಕಾಗಿದೆ. ಇನ್ನು ಕೆಲವೆಡೆ ಝೂಮ್ ಕೂಡ ನಿಂತು ಅಡಿಕೆ, ಗೋಡಂಬಿ, ರಬ್ಬರ್ ತೋಟಗಳು ಎದ್ದಿವೆ. ಅಡಿಕೆ! ಶಿರಸಿ, ಪುತ್ತೂರಿನ ಅಡಿಕೆಯ ಬೆಲೆಯ ಬಗ್ಗೆ ಫೋನಿನಲ್ಲಿ ಮಾತಾಡುವ ನಿಮ್ಮ ಚಿಕ್ಕಪ್ಪಂದಿರಿಗೆ ಈಶಾನ್ಯದ ಅಡಿಕೆಯ ಸುದ್ದಿ ಚೆನ್ನಾಗಿ ಗೊತ್ತಿರುತ್ತದೆ; ಅದರ ಬುಡದಲ್ಲಿ ಯಾವ ಪೊದೆ ಇತ್ತು ಎಂಬುದು ಗೊತ್ತಿರಲಾರದು. ಗಾರೋ ರೈತನನ್ನು ದೂರುವ ಅಧಿಕಾರ ನಮಗಿಲ್ಲ. ಮಗಳ ಕಾಲೇಜಿನ ಫೀಸನ್ನು ಮೆಮಾಂಗ್ ನಾರಾಂಗ್ ಕಟ್ಟುವುದಿಲ್ಲ, ಅಡಿಕೆ ಕಟ್ಟುತ್ತದೆ.

ಕಾನೂನಿನ ಬೇಲಿಗಿಂತ ಮುಂಚೆ ಈ ಗಿಡಕ್ಕೆ ಇನ್ನೊಂದು ಬೇಲಿ ಇತ್ತೆಂದು ನನಗನಿಸುತ್ತದೆ. ಸತ್ತವರಿಗೆ ಸೇರಿದ ಗಿಡವನ್ನು ಸುಮ್ಮಸುಮ್ಮನೆ ಕಡಿಯಲು ಯಾರ ಕೈ ಏಳುತ್ತದೆ? ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳು ಇಂದಿಗೂ ಲೆಕ್ಕದಲ್ಲಿ ಉಳಿದಿರುವುದು ಅಯ್ಯಪ್ಪನ, ಭಗವತಿಯ ಅಂಜಿಕೆಯಿಂದಲೇ ತಾನೆ? ಗಾರೋಗಳಲ್ಲಿ ಬಹುಪಾಲು ಜನ ಇಂದು ಕ್ರೈಸ್ತರು. ಹಳೆಯ ‘ಸೊಂಗ್‌ಸಾರೆಕ್’ ಧರ್ಮವನ್ನು ಪಾಲಿಸುವವರು ಕೆಲವರಷ್ಟೇ ಉಳಿದಿದ್ದಾರೆ. ಸತ್ತಾಗ ಪಾದ್ರಿ ಬರುತ್ತಾರೆ, ಕಾಮಾಲೆಯಾದರೆ ತುರಾದ ಆಸ್ಪತ್ರೆ ಇದೆ. ಇದರಲ್ಲಿ ತಪ್ಪೇನೂ ಇಲ್ಲ. ಕಾಮಾಲೆಯಾದ ಮಗುವಿಗೆ ಆಸ್ಪತ್ರೆಯೇ ಆಗಬೇಕು. ಆದರೆ ಆ ಹಣ್ಣನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಕಾರಣಗಳು ಕಡಿಮೆಯಾದವು. ಹೋಗದವನಿಗೆ ಗಿಡ ಎಲ್ಲಿದೆ ಎಂಬುದು ಮರೆಯುತ್ತದೆ, ಅವನ ಮಗನಿಗೆ ಹೇಗಿದೆ ಎಂಬುದೇ ತಿಳಿಯುವುದಿಲ್ಲ. ಆಮೇಲೆ ಝೂಮಿನ ಬೆಂಕಿಗೆ ಅದು ಬರಿಯ ಒಂದು ಮುಳ್ಳಿನ ಪೊದೆ. ಸಂಶೋಧಕರು ಹೋದಲ್ಲೆಲ್ಲ ಮೊದಲು ಹುಡುಕುವುದು ಗಿಡವನ್ನಲ್ಲ, ಅದನ್ನು ಗುರುತಿಸಬಲ್ಲ ಒಬ್ಬ ಮುದುಕನನ್ನೋ ಮುದುಕಿಯನ್ನೋ. ಅಂಥವರಿಲ್ಲದ ಹಳ್ಳಿಯಲ್ಲಿ, 47 ಚದರ ಕಿ.ಮೀ. ಕಾಡಿನಲ್ಲೂ, ಒಂದು ಪೊದೆಯನ್ನು ಕಂಡುಹಿಡಿಯುವುದು ಹೇಗೆ?

ಹೋಗಬೇಕೆನಿಸಿದರೆ

ನಿಮ್ಮಲ್ಲಿ ಕೆಲವರಿಗೆ ರಜೆಯಲ್ಲಿ ಶಿಲ್ಲಾಂಗ್, ಚಿರಾಪುಂಜಿಗಳ ಪ್ರವಾಸದ ಯೋಜನೆ ಇರಬಹುದು. ಗಾರೋ ಬೆಟ್ಟಗಳು ಆ ಜನಪ್ರಿಯ ದಾರಿಯಲ್ಲಿಲ್ಲ. ಗುವಾಹಟಿಯಿಂದ ತುರಾಕ್ಕೆ ರಸ್ತೆಯಲ್ಲಿ ಸುಮಾರು 220 ಕಿ.ಮೀ. ಅಲ್ಲಿಂದ ನೋಕ್ರೆಕ್‌ನ ತಪ್ಪಲಿನ ಹಳ್ಳಿಗೆ ಹೋಗಿ, ಮುಂದೆ ನಡೆಯಬೇಕು. ಶಿಖರದ ಎತ್ತರ 1,412 ಮೀಟರ್. ಗಾರೋ ಬೆಟ್ಟಗಳ ದೊಡ್ಡ ನದಿಯಾದ ಸಿಮ್ಸಾಂಗ್ ಹುಟ್ಟುವುದು ಇಲ್ಲೇ. ಅದೃಷ್ಟವಿದ್ದರೆ ಬೆಳಗಿನ ಹೊತ್ತು ಹೂಲಾಕ್ ಗಿಬ್ಬನ್‌ಗಳ ಕೂಗು ಕೇಳಿಸುತ್ತದೆ; ಭಾರತದಲ್ಲಿರುವ ಬಾಲವಿಲ್ಲದ ವಾನರವೆಂದರೆ ಅದೊಂದೇ.

ಚಳಿಗಾಲದಲ್ಲಿ ಹೋಗಿ. ಮಳೆಗಾಲದಲ್ಲಿ ಆ ಕಾಡಿನಲ್ಲಿ ಜಿಗಣೆಗಳದೇ ರಾಜ್ಯ, ಆಗುಂಬೆ ನೋಡಿದವರಿಗೆ ಹೇಳುವುದೇ ಬೇಡ. ಹಳ್ಳಿಯವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಅವರ ದಿನಗೂಲಿಯನ್ನು ಚೌಕಾಸಿ ಮಾಡದೆ ಕೊಡಿ. ಸಿಟ್ರಸ್ ಇಂಡಿಕಾ ಎಂದು ಕೇಳಿದರೆ ಅವರು ನಿಮ್ಮ ಮುಖ ನೋಡಿಯಾರು; ಮೆಮಾಂಗ್ ನಾರಾಂಗ್ ಎಂದು ಕೇಳಿ. ಗಿಡ ಸಿಕ್ಕಿದರೆ ಒಂದು ಎಲೆಯನ್ನು, ಕೀಳದೆ, ಕೊಂಬೆಯಲ್ಲಿರುವಂತೆಯೇ ಬೆಳಕಿಗೆ ಬಗ್ಗಿಸಿ ಚುಕ್ಕೆಗಳನ್ನು ನೋಡಿ. ಹಣ್ಣನ್ನಾಗಲಿ, ಸಸಿಯನ್ನಾಗಲಿ ಚೀಲದಲ್ಲಿ ತರಬೇಡಿ. ಇಂಥ ಸಸಿಗಳ ಜೊತೆಯಲ್ಲೇ ಗ್ರೀನಿಂಗ್ ರೋಗ ಊರಿಂದೂರಿಗೆ ಪಯಣಿಸಿದೆ; ಮೀಸಲಿನೊಳಗಿನಿಂದ ತರುವುದು ಕಾನೂನಿಗೂ ವಿರುದ್ಧ. ಕೆಳಗಿಳಿದ ಮೇಲೆ ತುರಾದ ಮಾರುಕಟ್ಟೆಯಲ್ಲಿ ತೋಟದ ಸಿಹಿ ಕಿತ್ತಳೆ ಸಿಗುತ್ತದೆ. ಅದನ್ನು ಎಷ್ಟು ಬೇಕಾದರೂ ತಿನ್ನಿ.